ವಟ್ವಾಕ್ಕೆ ಹೋದ ಬಟ್ಟೆಗಂಟು

ಹಳೆಯ ಬಟ್ಟೆ ಕೊಡುವುದರಲ್ಲಿ ನಮ್ಮ ಅವ್ವನಷ್ಟು ಕಟ್ಟುನಿಟ್ಟಿನವರನ್ನು ನಾನು ಈವರೆಗೆ ಕಂಡಿಲ್ಲ. ಇದನ್ನು ಹೊಗಳಿಕೆ ಅಂತ ತಿಳಿಯಬೇಡಿ, ದೂರು ಅಂತಲೂ ತಿಳಿಯಬೇಡಿ, ಇದ್ದದ್ದನ್ನು ಹೇಳುತ್ತಿದ್ದೇನೆ. ಅಪ್ಪ ವಿಮಾ ಕಚೇರಿಯವನು. ವರ್ಗವಾಗಿ ಮೊದಲು ವಡೋದರಾದ ಫತೇಗಂಜ್‌ಗೆ, ಅಲ್ಲಿಂದ ಅಹಮದಾಬಾದಿಗೆ ಬಂದು ಮಣಿನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದ. ಮುಂದಿನ ಕೋಣೆಯಲ್ಲಿ ಟೀವಿ, ಧಾರವಾಡದಿಂದ ಲಾರಿಯಲ್ಲಿ ಬಂದ ಸಾಗವಾನಿ ಕುರ್ಚಿ. ಒಳಕೋಣೆಯಲ್ಲಿ ಮಂಚ, ಮಂಚದ ಕೆಳಗೆ ತಗಡಿನ ಟ್ರಂಕು. ನಮಗೆ ಗಿಡ್ಡವಾದದ್ದು, ಬಿಗಿಯಾದದ್ದು, ಬೇಸರ ಬಂದದ್ದು ಎಲ್ಲ ಆ ಟ್ರಂಕಿಗೆ. ಆದರೆ ಸುಮ್ಮನೆ ಎತ್ತಿ ಎಸೆಯುವ ಹಾಗಿರಲಿಲ್ಲ. ಮೊದಲು ಒಗೆಯಬೇಕು, ಗಂಜಿ ಹಾಕಬೇಕು, ಹೊಲಿಗೆ ಬಿಟ್ಟಲ್ಲಿ ಹೊಲಿಯಬೇಕು, ಇಸ್ತ್ರಿ ಮಾಡಬೇಕು. ಮಧ್ಯಾಹ್ನ ರೊಟ್ಟಿ ಊಟ ಮುಗಿದ ಮೇಲೆ ಊರೆಲ್ಲ ಮಲಗುವ ಹೊತ್ತಿನಲ್ಲಿ ಅವ್ವ ಟ್ರಂಕು ಎಳೆದು ಕೂತಳೆಂದರೆ ನಾನು ಬಿಸ್ಕೀಟಿನ ಡಬ್ಬಿಯಲ್ಲಿದ್ದ ಗುಂಡಿಗಳನ್ನು ಸುರುವಿಕೊಂಡು ಅವಳ ಪಕ್ಕ ಕೂರಬೇಕು. ಗುಂಡಿ ಇಲ್ಲದ ಅಂಗಿಯನ್ನು ಇನ್ನೊಬ್ಬರಿಗೆ ಕೊಟ್ಟರೆ ಮಾನ ಹೋಗುವುದು ಉಟ್ಟವರದ್ದಲ್ಲ, ಕೊಟ್ಟವರದ್ದು ಎಂದು ಅವಳ ವಾದ. ನನ್ನ ಗೆಳತಿಯರೆಲ್ಲ ಹೊರಗೆ ಆಡುತ್ತಿದ್ದಾಗ ನಾನು ಯಾರದೋ ಷರ್ಟಿಗೆ ಕಾಜಾ ಸರಿಮಾಡುತ್ತಾ ಒಳಗೊಳಗೇ ಕುದಿಯುತ್ತಿದ್ದೆ.

ಎಲ್ಲ ಮುಗಿದ ಮೇಲೆ ಕೊನೆಯದೊಂದು ಶಾಸ್ತ್ರ. ನಮ್ಮ ಕಡೆ ಹೊಸ ಬಟ್ಟೆ ತಂದರೆ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ, ದೇವರ ಮುಂದಿಟ್ಟು, ಆಮೇಲೇ ತೊಡುವುದು ತಾನೆ? ಅವ್ವ ಟ್ರಂಕಿನ ಬಟ್ಟೆಗೂ ಹಾಗೆಯೇ ಮಾಡುತ್ತಿದ್ದಳು. ಪ್ರತಿಯೊಂದರ ಅಂಚಿಗೆ ಒಂದು ಹಳದಿ ಬೊಟ್ಟು, ಅದರ ಮೇಲೆ ಕೆಂಪು ಬೊಟ್ಟು. ಜೇಬು ಬರಿದಾಗಿ ಹೋಗಬಾರದೆಂದು ನಾಲ್ಕು ಕಾಳು ಅಕ್ಷತೆ. ಸೀರೆಯಾದರೆ ಸೆರಗಿನ ತುದಿಗೆ ಅಕ್ಷತೆಯ ಪುಟ್ಟ ಗಂಟು. ಹಳೇ ಬಟ್ಟೆಗೆ ಇದೆಲ್ಲ ಯಾಕೆಂದು ನಾನೊಮ್ಮೆ ಕೇಳಿದ್ದಕ್ಕೆ ಅವಳು ಸೂಜಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಉತ್ತರ ಕೊಟ್ಟಳು.

"ನಮಗ ಹಳೇದು. ತೊಗೊಳ್ಳೋರಿಗೆ ಇದು ಹೊಸಾ ಅರಿವೀನ ಅಲ್ಲೇನು? ಅರಿಷಿಣ ಹಚ್ಚದ ಹೆಂಗ ಕೊಡೂದು?"

ಓಣಿಯಲ್ಲಿ ಬೇರೆ ಯಾರೂ ಹೀಗೆ ಮಾಡುತ್ತಿರಲಿಲ್ಲ. ಅಲ್ಲಿ ಹಳೆಯ ಬಟ್ಟೆ ಅಂದರೆ ಸ್ಟೀಲಿನ ಪಾತ್ರೆ. ಮಧ್ಯಾಹ್ನವಾದರೆ ತಲೆಯ ಮೇಲೆ ಬುಟ್ಟಿ ತುಂಬ ಪಾತ್ರೆ ಹೊತ್ತ ಹೆಂಗಸರು ಕೂಗುತ್ತಾ ಬರುತ್ತಿದ್ದರು. ಎರಡು ಪ್ಯಾಂಟಿಗೆ ಒಂದು ಡಬ್ಬಿ, ಜರಿ ಸೀರೆಗೆ ಒಂದು ಕಡಾಯಿ ಎಂದು ಮೆಟ್ಟಿಲ ಮೇಲೆ ಗಂಟೆಗಟ್ಟಲೆ ಜಗ್ಗಾಟ ನಡೆಯುತ್ತಿತ್ತು. ಮನೆ ಮಾಲಕಿಯ ಅಡುಗೆಮನೆ ತುಂಬಾ ಅವಳ ಗಂಡನ ಹಳೆಯ ಪ್ಯಾಂಟುಗಳೇ ಥಳಥಳ ಹೊಳೆಯುತ್ತಿವೆ ಎಂದು ಅಪ್ಪ ನಗುತ್ತಿದ್ದ. ನಗುತ್ತಲೇ, ನಮ್ಮ ಮನೆಯಲ್ಲಿ ಹಾಲು ಉಕ್ಕದಂಥ ಒಂದು ದೊಡ್ಡ ಪಾತ್ರೆ ಇಲ್ಲವೆಂದು ಅವ್ವನಿಗೆ ಚುಚ್ಚುತ್ತಿದ್ದ. ಪಾತ್ರೆ ತೆಗೆದುಕೊಂಡರೆ ಅದು ವ್ಯಾಪಾರವಾಯಿತು, ವ್ಯಾಪಾರ ಮಾಡುವುದಿದ್ದರೆ ಅಂಗಡಿ ಇಡುತ್ತಿದ್ದೆ ಎಂದು ಅವ್ವ ರಪ್ಪನೆ ಅನ್ನುತ್ತಿದ್ದಳು. ತಿಂಗಳಿಗೊಮ್ಮೆ ನಮ್ಮ ಕನ್ನಡದ ಮನೆಗಳವರು ಒಂದೆಡೆ ಸೇರುತ್ತಿದ್ದರು. ಬ್ಯಾಂಕಿನವರು, ರೈಲ್ವೆಯವರು, ಇಡ್ಲಿ ಹೋಟೆಲಿನ ಉಡುಪಿ ಕಡೆಯವರು. ಭಜನೆ ಮುಗಿದು ಉಪ್ಪಿಟ್ಟು ಬರುವ ಮೊದಲೇ ಅವ್ವ ಖಾಲಿ ಚೀಲ ಹಿಡಿದು ಎದ್ದು ನಿಲ್ಲುತ್ತಿದ್ದಳು. ಕೊಟ್ಟ ಷರ್ಟಿನ ಕಾಲರ್ ತಿರುಗಿಸಿ ನೋಡಿ, ಸವೆದದ್ದನ್ನು ಅವರ ಕೈಗೇ ವಾಪಸು ಕೊಟ್ಟು, ಇದರಲ್ಲಿ ನೆಲ ಒರೆಸಿಕೊಳ್ಳಿ ಎಂದು ಎಲ್ಲರೆದುರಿಗೇ ಹೇಳುತ್ತಿದ್ದಳು. ಅವಳಿಗೆ ಹೆದರಿ ಕೆಲವರು ಹೊಸ ಬಟ್ಟೆಯನ್ನೇ ಕೊಟ್ಟದ್ದುಂಟು. ಕೊಡುವುದರಲ್ಲಿ ಅವ್ವನಿಗೆ ಒಂದು ಸೊಕ್ಕಿತ್ತು. ಅದು ಸೊಕ್ಕೆಂದು ನನಗೆ ಹೊಳೆದದ್ದು ಬಹಳ ತಡವಾಗಿ. ಅವಳಿಗಂತೂ ಅದು ಸೇವೆ ಎನಿಸಿತ್ತು.

ಗಂಟು ಹೊರಡುತ್ತಿದ್ದದ್ದು ಜೀವಿಬೆನ್‌ಳ ತಲೆಯ ಮೇಲೆ. ಜೀವಿಬೆನ್, ಅಂದರೆ ಜೀವಿ ಅಕ್ಕ, ನಮ್ಮ ಮನೆಯಲ್ಲಿ ಪಾತ್ರೆ ತಿಕ್ಕಿ ನೆಲ ಸಾರಿಸುತ್ತಿದ್ದಳು. ವಟ್ವಾದಲ್ಲಿ ಬಣ್ಣದ ಕಾರ್ಖಾನೆಗಳ ಬೆನ್ನಿಗಿರುವ ಒಂದು ಚಾಲಿಯಲ್ಲಿ, ಅಂದರೆ ಎರಡು ಸಾಲು ಒಂಟಿಕೋಣೆಯ ಮನೆಗಳ ವಠಾರದಲ್ಲಿ, ಅವಳ ವಾಸ. ಅವಳ ಗಂಡ ಅಂಥದ್ದೇ ಒಂದು ಕಾರ್ಖಾನೆಯಲ್ಲಿದ್ದ. ಅಲ್ಲಿ ಆ ವಾರ ಯಾವ ಬಣ್ಣ ಬೇಯುತ್ತಿದೆಯೆಂದು ಅವನ ಉಗುರು ನೋಡಿ ಹೇಳಬಹುದಿತ್ತು. ಗಂಟು ಅವಳ ಚಾಲಿ ತಲುಪಿತೋ ಇಲ್ಲವೋ ಎಂದಷ್ಟೇ ಅವ್ವ ಕೇಳುತ್ತಿದ್ದಳು. ಯಾರು ಉಟ್ಟರು, ಯಾರಿಗೆ ಏನು ಬೇಕಿತ್ತು ಎಂದು ಒಮ್ಮೆಯೂ ಕೇಳಿದವಳಲ್ಲ. ಕೇಳಬೇಕೆಂದರೂ ನನ್ನ ಮೂಲಕವೇ ಕೇಳಬೇಕಿತ್ತು. ಅವ್ವನ ಗುಜರಾತಿ ತರಕಾರಿ ಗಾಡಿಯ ಹತ್ತಿರವೇ ಮುಗಿದುಹೋಗುತ್ತಿತ್ತು. ಹಿಂದಿಯೋ, ಧಾರವಾಡದ ಕನ್ನಡಕ್ಕೆ ಕೊನೆಯಲ್ಲಿ ಒಂದು 'ಹೈ' ಹಚ್ಚಿದಂತೆ. ಹೀಗಾಗಿ ಹನ್ನೊಂದು ವರ್ಷಕ್ಕೇ ನಾನು ಆ ಮನೆಯ ದುಭಾಷಿ.

ಮುಂದೆ ನಾನು ಹೊಟ್ಟೆ ಹೊರೆದದ್ದೂ ಇದೇ ಕೆಲಸದಿಂದ, ಆದ್ದರಿಂದ ನಾಚಿಕೆ ಬಿಟ್ಟು ಹೇಳುತ್ತೇನೆ: ಆಗ ನಾನು ಬಹಳ ಕೆಟ್ಟ ದುಭಾಷಿ. ನನಗೆ ಬೇಕಾದಷ್ಟನ್ನು ದಾಟಿಸಿ ಉಳಿದದ್ದನ್ನು ನುಂಗುತ್ತಿದ್ದೆ. ನನ್ನ ಚೆಂಡು ತಾಗಿ ತುಳಸಿಕುಂಡ ಒಡೆಯಿತೆಂದು ಮನೆ ಮಾಲಕಿ ದೂರು ತಂದಾಗ, ಅವರಿಗೆ ನಿನ್ನ ಚಟ್ನಿಪುಡಿ ಬಹಳ ಇಷ್ಟವಾಗಿದೆಯಂತೆ ಎಂದು ಅವ್ವನಿಗೆ ಹೇಳಿದ್ದೆ. ಅವ್ವ ಹಿಗ್ಗಿ ಒಂದು ಬಟ್ಟಲು ಚಟ್ನಿಪುಡಿ ಕೊಟ್ಟಳು. ಮಾಲಕಿ ಸಿಟ್ಟು ಮರೆತು ಹೋದಳು. ಇಬ್ಬರೂ ಖುಷಿ, ನಾನು ಡಬಲ್ ಖುಷಿ. ಮಾತನ್ನು ಸ್ವಲ್ಪ ತಿರುಗಿಸಿದರೆ ಜಗತ್ತು ಎಷ್ಟು ಸಲೀಸಾಗಿ ನಡೆಯುತ್ತದೆಂದು ನನಗೆ ಆಗಲೇ ಪಾಠವಾಗಿತ್ತು.

ಆ ವರ್ಷ ಬೇಸಿಗೆ ರಜೆ ಶುರುವಾಗುವ ಮೊದಲು ನನಗೆ ಕಾಮಾಲೆಯಾಯಿತು. ಕಣ್ಣು ಹಳದಿ, ಉಗುರು ಹಳದಿ. ಮೂರು ವಾರ ಎಣ್ಣೆ ಇಲ್ಲ, ಖಾರ ಇಲ್ಲ. ಕಬ್ಬಿನ ಹಾಲು, ಹುರಿದ ಕಡಲೆ, ನೀರುಮಜ್ಜಿಗೆ. ಜೀವಿಬೆನ್ ನೆಲ ಒರೆಸುತ್ತಾ ಮಂಚದ ಹತ್ತಿರ ಬಂದಾಗ ನನ್ನ ಕಣ್ಣು ನೋಡಿ ಲೊಚಗುಟ್ಟುತ್ತಿದ್ದಳು. ನಾನು ಎದ್ದು ಓಡಾಡುವ ಹೊತ್ತಿಗೆ ಅವ್ವ ಟ್ರಂಕು ತೆಗೆದು, ನನ್ನ ಗಿಣಿಹಸಿರು ಫ್ರಾಕನ್ನು ಅದಕ್ಕೆ ಹಾಕಿದ್ದಳು. ಎರಡು ಜೇಬು, ಬಿಳಿ ಕಾಲರಿನ ಫ್ರಾಕದು. ಕಾಮಾಲೆಗೆ ಮೊದಲೇ ಬಿಗಿಯಾಗಿತ್ತು ನಿಜ, ಆದರೆ ನನಗೆ ಅದು ಬೇಕಿತ್ತು. ಅತ್ತು ಕರೆದೆ, ಊಟ ಬಿಟ್ಟೆ, ಟ್ರಂಕಿನ ಮೇಲೆ ಕೂತೆ. ಅವ್ವ ನನ್ನನ್ನು ಎತ್ತಿ ಕುರ್ಚಿಯ ಮೇಲಿಟ್ಟು ಫ್ರಾಕಿನ ಅಂಚಿಗೆ ಅರಿಶಿನ ಹಚ್ಚಿದಳು, ಜೇಬಿಗೆ ಅಕ್ಷತೆ ಹಾಕಿದಳು. ಮರುದಿನ ಗಂಟು ವಟ್ವಾಕ್ಕೆ ಹೋಯಿತು.

ಸುಮಾರು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಬಾಗಿಲಲ್ಲಿ ಜೀವಿಬೆನ್, ತಲೆಯ ಮೇಲೆ ಅದೇ ಗಂಟು. ಒಳಗೆ ಬರಲಿಲ್ಲ. ಅವ್ವ ಒಳಗೆ ಕುಕ್ಕರಿನ ಸೀಟಿ ಎಣಿಸುತ್ತಿದ್ದಳು, ಬಾಗಿಲಲ್ಲಿ ನಾನೊಬ್ಬಳೇ. ಜೀವಿಬೆನ್ ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಅವಳ ನೆರೆಮನೆಯ ಕಮುಬೆನ್‌ಳ ಮಗಳು ರೇಖಾ ಹಸಿರು ಫ್ರಾಕು ಹಾಕಿಕೊಂಡ ಎಂಟನೇ ದಿನಕ್ಕೆ ಕಾಮಾಲೆ ಬಂದು ಮಲಗಿದ್ದಾಳೆ. ಫ್ರಾಕಿನ ಮೇಲಿನ ಹಳದಿ ಕೆಂಪು ಗುರುತು, ಜೇಬಿನ ಬಣ್ಣದ ಅಕ್ಕಿ ನೋಡಿ ಚಾಲಿಯವರು ಅದು ಉತಾರ್ ಎನ್ನುತ್ತಿದ್ದಾರೆ. ಉತಾರ್ ಅಂದರೆ ರೋಗಿಯ ಮೈಯಿಂದ ಇಳಿಸಿ, ನಿವಾಳಿಸಿ ಎಸೆದದ್ದು. ಮುಟ್ಟಿದವರಿಗೆ ಆ ರೋಗ ಹತ್ತುತ್ತದಂತೆ. ನಿನ್ನ ಮೈಯ ಹಳದಿಯನ್ನು ನಿನ್ನ ಅಮ್ಮ ಬಟ್ಟೆಗೆ ಇಳಿಸಿ ನಮಗೆ ಕಳಿಸಿದಳು ಅಂತಿದ್ದಾರೆ. ಹಾಗಲ್ಲ ಅಂತ ನಿನ್ನ ಅಮ್ಮನ ಬಾಯಿಂದಲೇ ಕೇಳಿಕೊಂಡು ಹೋಗಲು ಬಂದೆ, ನೀನು ಕೇಳು ಎಂದಳು. ಅಷ್ಟರಲ್ಲಿ ಅವ್ವ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, ಯಾಕೆ ಗಂಟು ವಾಪಸು ಬಂತು ಎಂದು ನನ್ನ ಮುಖ ನೋಡಿದಳು.

"ಅಳತಿ ಬರೂದಿಲ್ಲಂತವ್ವಾ," ಅಂದೆ.

ಯಾಕೆ ಹಾಗಂದೆ? ಅವ್ವನಿಗೆ ನೋವಾಗಬಾರದೆಂದು, ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ನನಗೆ ನಾಚಿಕೆಯಾಗಿತ್ತು. ಆ ಹಳದಿ ನನ್ನದು. ಇನ್ನೊಂದು ಹುಡುಗಿಯನ್ನು ಮಲಗಿಸಿದವಳು ನಾನೇ ಎಂದು ಜೀವಿಬೆನ್ ಹೇಳುತ್ತಿದ್ದಂತೆಯೇ ನಾನು ನಂಬಿಬಿಟ್ಟಿದ್ದೆ. ಅವ್ವ ಇಷ್ಟೇ ತಾನೆ ಎಂದು ನಕ್ಕು, ಜೀವಿಬೆನ್‌ಳ ಕೈ ಹಿಡಿದು ಒಳಗೆ ಎಳೆದಳು. ಅವಳು ಪಾತ್ರೆ ತಿಕ್ಕಿ ಮುಗಿಸುವಷ್ಟರಲ್ಲಿ ಅವ್ವ ಗಂಟು ಬಿಚ್ಚಿ, ಫ್ರಾಕಿನ ಸೊಂಟದ ಹೊಲಿಗೆ ಬಿಡಿಸಿ ಅಗಲ ಮಾಡಿದಳು, ಇನ್ನೆರಡು ಅಂಗಿಗಳ ಅಂಚು ಇಳಿಸಿದಳು. ಒಗೆತಕ್ಕೆ ಗುರುತು ಮಾಸಿದ್ದಲ್ಲೆಲ್ಲ ಹೊಸದಾಗಿ ಅರಿಶಿನ ಕುಂಕುಮ ಹಚ್ಚಿದಳು, ಈ ಸಲ ಇನ್ನೂ ಗಟ್ಟಿಯಾಗಿ. ಜೀವಿಬೆನ್ ಒದ್ದೆ ಕೈಯಲ್ಲೇ ನಿಂತು ಅದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳ ಲೆಕ್ಕದಲ್ಲಿ ನಾನು ಎಲ್ಲವನ್ನೂ ಅವ್ವನಿಗೆ ತಿಳಿಸಿದ್ದೇನೆ, ಅವ್ವ ಎಲ್ಲ ಕೇಳಿಸಿಕೊಂಡು, ನಕ್ಕು, ಬೇಕೆಂತಲೇ ಮತ್ತೆ ಹಚ್ಚುತ್ತಿದ್ದಾಳೆ. ಅವ್ವ ಗಂಟನ್ನು ತಾನೇ ಅವಳ ತಲೆಯ ಮೇಲಿಟ್ಟಳು. ಮರುದಿನ ಜೀವಿಬೆನ್ ಕೆಲಸಕ್ಕೆ ಬರಲಿಲ್ಲ.

ಮೊದಲ ದಿನ ಅವ್ವ ಗೊಣಗಿದಳು. ಎರಡನೇ ದಿನ ಸಿಟ್ಟಾದಳು. ಮೂರನೇ ದಿನ ಅವಳಿಗೇನೋ ಆಗಿರಬೇಕೆಂದು ಚಡಪಡಿಸಿದಳು. ನಾಲ್ಕನೇ ದಿನ ಡಬ್ಬಿಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ತುಂಬಿ, ವಟ್ವಾಕ್ಕೆ ಹೋಗಿ ನೋಡಿಕೊಂಡು ಬರೋಣ, ನಡೆ ಎಂದಳು. ನಾನು ಹೊಟ್ಟೆನೋವು ಅಂದೆ, ತಲೆ ತಿರುಗುತ್ತದೆ ಅಂದೆ. ಅವಳು ಕೇಳಬೇಕಲ್ಲ. ಕೆಂಪು ಬಸ್ಸು ಇಳಿದಾಗ ನೆತ್ತಿ ಸುಡುವ ಬಿಸಿಲು, ಗಂಟಲು ಹಿಡಿಯುವ ಆಸಿಡ್ ವಾಸನೆ, ರಸ್ತೆ ಬದಿಯ ಚರಂಡಿಯಲ್ಲಿ ಕಡುಕೆಂಪು ನೀರು. ಚಾಲಿಯ ಬಾಯಲ್ಲಿ ಬೇವಿನ ಮರ, ಮರದ ಬುಡದಲ್ಲಿ ನಮ್ಮ ಗಂಟು. ಅವ್ವನ ಹಳೇ ಇಳಕಲ್ ಸೀರೆಯಲ್ಲಿ ಕಟ್ಟಿದ ಗಂಟು, ಅವಳೇ ಹಾಕಿದ ಕಗ್ಗಂಟು ಬಿಚ್ಚಿರಲೇ ಇಲ್ಲ. ಸುತ್ತ ಯಾರೋ ಬೂದಿಯ ಗೆರೆ ಎಳೆದಿದ್ದರು.

ಜೀವಿಬೆನ್ ತನ್ನ ಬಾಗಿಲಲ್ಲಿ ಕೂತಿದ್ದಳು, ಪಕ್ಕದಲ್ಲಿ ಮೂರು ಖಾಲಿ ಕೊಡ. ಇಡೀ ಚಾಲಿಗೆ ಇರುವುದು ಒಂದೇ ನಲ್ಲಿ. ಅದರ ಹತ್ತಿರ ಅವಳನ್ನು ಬಿಡುತ್ತಿರಲಿಲ್ಲ. ಒಂದು ಸಲ ತಿಳಿಯದೆ ತಂದಳು, ಎರಡನೇ ಸಲ ತಿಳಿದೂ ತಂದಳಲ್ಲ ಎಂದು. ನಾಲ್ಕು ದಿನದಿಂದ ಅವಳು ದೂರದ ಕಾರ್ಖಾನೆಯ ಗೇಟಿನಿಂದ ನೀರು ಹೊರುತ್ತಿದ್ದಳು, ಆದ್ದರಿಂದಲೇ ಕೆಲಸಕ್ಕೆ ಬಂದಿರಲಿಲ್ಲ. ಅವ್ವನನ್ನು ಕಂಡು ಎದ್ದು ನಿಂತಳು, ಆದರೆ ಕೂರು ಎನ್ನಲಿಲ್ಲ. ಅವ್ವನಿಗೂ ಅರ್ಥವಾಗುವಂಥ ಹಿಂದಿಯಲ್ಲಿ ನಿಧಾನವಾಗಿ, "ನಾನು ಎಲ್ಲವನ್ನೂ ಹೇಳಿದ ಮೇಲೂ ನನ್ನ ಕಣ್ಣೆದುರೇ ಮತ್ತೆ ಹಚ್ಚಿ ಕೊಟ್ಟೆಯಲ್ಲ ಬೆನ್, ನಾನು ನಿನಗೇನು ಮಾಡಿದ್ದೆ" ಎಂದಳು. ಅವ್ವ ನನ್ನ ಕಡೆ ತಿರುಗಿದಳು.

"ಆವತ್ತು ಈಕಿ ಏನಂದಿದ್ಲು?"

ಆ ಚಾಲಿಯಲ್ಲಿ ಎರಡೂ ಭಾಷೆ ಬಲ್ಲವಳು ನಾನೊಬ್ಬಳೇ. ಏನು ಬೇಕಾದರೂ ಹೇಳಿ ದಾಟಿಕೊಳ್ಳಬಹುದಿತ್ತು, ಹಿಡಿಯುವವರು ಯಾರೂ ಇರಲಿಲ್ಲ. ನಾಲಿಗೆಯ ತುದಿಗೆ ಒಂದು ಒಳ್ಳೆಯ ಸುಳ್ಳು ಬಂದೂ ಇತ್ತು. ಆದರೆ ಜೀವಿಬೆನ್‌ಳ ಖಾಲಿ ಕೊಡಗಳು ನನ್ನ ಕಾಲ ಹತ್ತಿರವೇ ಇದ್ದವು. ಅವನ್ನು ಖಾಲಿ ಮಾಡಿದವಳು ನಾನು. ಹೇಳಿದೆ. ಉತಾರ್ ಎಂದರೇನು, ರೇಖಾಗೆ ಏನಾಗಿದೆ, ನಾನು ಅಳತೆಯ ಸುಳ್ಳು ಹೇಳಿದ್ದು, ಎಲ್ಲ. ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೊಡೆಯುತ್ತಾಳೆ ಅಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಹೇಳಿದ್ದು ಇಷ್ಟೇ:

"ಇನ್ನ ಮ್ಯಾಲೆ ಒಂದಕ್ಷರ ಬಿಡಬ್ಯಾಡ. ಬೈದ್ರ, ಬೈದದ್ದನ್ನೂ ಹೇಳು."

ಅಷ್ಟರಲ್ಲಿ ಹೆಂಗಸರೆಲ್ಲ ನೆರೆದಿದ್ದರು. ಮುಂದೆ ನಿಂತವಳು ಕಮುಬೆನ್. ಬಣ್ಣದ ಪುಡಿಯನ್ನು ಚೀಲಕ್ಕೆ ತುಂಬುವ ಕೆಲಸ ಅವಳದು, ಮೊಣಕೈವರೆಗೆ ನೀಲಿ. ಅವ್ವ ನೇರ ಅವಳಿಗೇ ಹೇಳಿದಳು, ನಾನು ಸಾಲುಸಾಲಾಗಿ ಗುಜರಾತಿ ಮಾಡಿದೆ. ನಮ್ಮಲ್ಲಿ ಅರಿಶಿನ ಹಚ್ಚುವುದು ಹೊಸ ಬಟ್ಟೆಗೆ, ಮರ್ಯಾದೆಗೆ. ಅಕ್ಕಿ ಹಾಕುವುದು ಬರಿದು ಕೊಡಬಾರದೆಂದು. ಕಾಮಾಲೆ ಬರುವುದು ನೀರಿನಿಂದ, ನನ್ನ ಮಗಳಿಗೂ ನೀರಿನಿಂದಲೇ ಬಂದದ್ದೆಂದು ಡಾಕ್ಟರ್ ಹೇಳಿದ್ದಾರೆ. ಕಮುಬೆನ್ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಸಿಟ್ಟಿಲ್ಲದೆ, ಅದು ಹೊಸದಲ್ಲವಲ್ಲ ಎಂದಳು. ನಿಮ್ಮ ಹುಡುಗಿ ಹಾಕಿ ಬಿಟ್ಟದ್ದು ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ಹಳೆಯದಕ್ಕೆ ಹೊಸದರ ಗುರುತು ಹಚ್ಚಿದ್ದು ಯಾರಿಗಾಗಿ? ನಾನು ಅದನ್ನೂ ಕನ್ನಡ ಮಾಡಿದೆ. ಅವ್ವ ಮಾತಿಗೆ ತಡವರಿಸಿದ್ದನ್ನು ನಾನು ನೋಡಿದ್ದು ಆವತ್ತೇ. ಕಮುಬೆನ್ ಬೇವಿನ ಬುಡಕ್ಕೆ ಕೈ ತೋರಿಸಿದಳು.

"ಅದರಲ್ಲಿ ಏನೂ ಇಲ್ಲ ಅನ್ನುವುದಾದರೆ ನೀವೇ ಹಾಕಿಕೊಂಡು ತೋರಿಸಿ. ನನ್ನ ಮಗಳು ಏಳುವ ತನಕ ದಿನಾ ಬಂದು ತೋರಿಸಿ."

ಅವ್ವ ಒಂದು ಕ್ಷಣವೂ ಯೋಚಿಸಲಿಲ್ಲ. ಬೂದಿಯ ಗೆರೆ ದಾಟಿ ಗಂಟು ಬಿಚ್ಚಿ, ಅದರೊಳಗಿದ್ದ ತನ್ನದೇ ಒಂದು ಸೀರೆಯನ್ನು ಹೆಗಲ ಮೇಲೆ ಹೊದ್ದುಕೊಂಡಳು. ಕಮುಬೆನ್ ತಲೆಯಾಡಿಸಿ, ನೀವಲ್ಲ, ಯಾರ ಮೈಯಿಂದ ಇಳಿಯಿತೋ ಅವಳು ಎಂದಳು. ಅದನ್ನು ಕನ್ನಡ ಮಾಡಬೇಕಾದವಳೂ ನಾನೇ ತಾನೆ! ಮಾಡಿದೆ. ಅವ್ವ ನನ್ನನ್ನು ನೋಡಿದಳು. ನೀರಿನಿಂದ ಬರುವುದೆಂದು ಈಗಷ್ಟೇ ಎಲ್ಲರಿಗೂ ಹೇಳಿದ್ದವಳ ಕಣ್ಣಿನಲ್ಲಿ ಭಯ ಇತ್ತು. ಮೂರು ವಾರ ನನ್ನ ಹಳದಿ ಕಣ್ಣು ನೋಡುತ್ತಾ ಕೂತಿದ್ದವಳು ಅವಳು. ಹಾಕಿಕೋ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅದೇ ಭಯ ನನಗೂ ಇತ್ತು. ಆದರೂ ಕೈ ಚಾಚಿದೆ.

"ಕೊಡವ್ವಾ."

ಜೀವಿಬೆನ್‌ಳ ಕೋಣೆಯಲ್ಲಿ ಫ್ರಾಕು ಹಾಕಿಕೊಂಡೆ. ಕಾಮಾಲೆಯಲ್ಲಿ ನಾನು ಸೊರಗಿದ್ದೆ, ಅವ್ವ ಹೊಲಿಗೆ ಬೇರೆ ಬಿಡಿಸಿದ್ದಳು, ಒಂದು ಕಾಲಕ್ಕೆ ಬಿಗಿಯಾಗಿದ್ದದ್ದು ಈಗ ಜೋಲುತ್ತಿತ್ತು. ಹೊರಗೆ ಬಂದಾಗ ಕಮುಬೆನ್ ನನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಾಳೆ ಬಾ ಎಂದಳು. ಅವ್ವ ಬಿಡಲಿಲ್ಲ. ನನ್ನ ಮಗಳು ನಾಳೆಯೂ ಬರುತ್ತಾಳೆ, ನಾಡಿದ್ದೂ ಬರುತ್ತಾಳೆ, ಆದರೆ ಜೀವಿಗೆ ನೀರು ಇವತ್ತಿನಿಂದಲೇ ಸಿಗಬೇಕು ಎಂದು ಹೇಳು ಎಂದಳು. ಹೇಳಿದೆ. ಕಮುಬೆನ್ ನಲ್ಲಿಯ ದಾರಿಯಿಂದ ಪಕ್ಕಕ್ಕೆ ಸರಿದಳು. ಜೀವಿಬೆನ್ ಮೂರು ಕೊಡವನ್ನೂ ತುಂಬಿಸಿಕೊಂಡಳು.

ಸಂಜೆ ಅಪ್ಪ ಬಂದು ವಿಷಯ ಕೇಳಿದವನೇ ಕೆಂಡವಾದ. ಮೊನ್ನೆ ಮೊನ್ನೆ ಎದ್ದ ಹುಡುಗಿಯನ್ನು ಬಿಸಿಲಲ್ಲಿ ಮೆರವಣಿಗೆ ಮಾಡುತ್ತೀಯಾ, ನಿನ್ನ ದಾನದ ಹುಚ್ಚಿಗೆ ಇವಳನ್ನು ಬಲಿ ಕೊಡುತ್ತೀಯಾ, ಎರಡು ಡಬ್ಬಿ ತೆಗೆದುಕೊಂಡು ಸುಮ್ಮನಿದ್ದಿದ್ದರೆ ಇದೆಲ್ಲ ಇತ್ತೇ ಎಂದು ಕೂಗಾಡಿದ. ಅವ್ವ ತಿರುಗಿ ಕೂಗಲಿಲ್ಲ. ತಪ್ಪು ನನ್ನದು, ಆದರೆ ನೀರಿಲ್ಲದೆ ಕೂತವಳು ಆಕೆ ಎಂದಷ್ಟೇ ಹೇಳಿ ಕೊಳಗಕ್ಕೆ ನೀರು ಹಾಕಿ ಫ್ರಾಕು ಒಗೆದಳು. ಎರಡು ದಿನ ಅಪ್ಪ ಮಾತು ಬಿಟ್ಟ. ಮೂರನೇ ದಿನ ನಾವು ಚಾಲಿಯಲ್ಲಿದ್ದಾಗ ಸ್ಕೂಟರಿನ ಸದ್ದು ಕೇಳಿತು. ನೋಡಿದರೆ ಅಪ್ಪ, ಹಿಂದಿನ ಸೀಟಿನಲ್ಲಿ ನಮ್ಮ ಡಾಕ್ಟರು. ಡಾಕ್ಟರು ರೇಖಾಳನ್ನು ನೋಡಿ, ನಲ್ಲಿಯನ್ನೂ ಅದರ ಪಕ್ಕದ ಚರಂಡಿಯನ್ನೂ ನೋಡಿ, ನೀರು ಕುದಿಸದೆ ಯಾರೂ ಕುಡಿಯಬೇಡಿ ಎಂದು ಅವರದೇ ಗುಜರಾತಿಯಲ್ಲಿ ಗದರಿದರು. ಅವರು ಹೇಳಿದ್ದನ್ನು ಎಷ್ಟು ಜನ ನಂಬಿದರೋ ಗೊತ್ತಿಲ್ಲ. ದಿನಾ ಹಸಿರು ಫ್ರಾಕಿನಲ್ಲಿ ಬಂದಿಳಿಯುತ್ತಿದ್ದ ನನ್ನ ಕಣ್ಣುಗಳನ್ನಂತೂ ಎಲ್ಲರೂ ಪರೀಕ್ಷೆ ಮಾಡುತ್ತಿದ್ದರು.

ನಾನೂ ಮಾಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಎದ್ದವಳೇ ಕನ್ನಡಿಯ ಮುಂದೆ ನಿಂತು ಕಣ್ಣಿನ ರೆಪ್ಪೆ ಎಳೆದು ನೋಡುವುದು, ಬಚ್ಚಲಿಗೆ ಹೋದರೆ ಮೂತ್ರದ ಬಣ್ಣ ನೋಡುವುದು. ಡಾಕ್ಟರ ಮಾತು ತಲೆಗೆ ಹೋಗಿತ್ತು, ಹೊಟ್ಟೆಗೆ ಇಳಿದಿರಲಿಲ್ಲ. ಮೊದಲ ನಾಲ್ಕೈದು ದಿನ ಕಮುಬೆನ್ ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿ ನೋಡಿ ಕಳಿಸಿದಳು. ಆಮೇಲೊಂದು ದಿನ ಒಳಗಿಂದ ರೇಖಾಳೇ ಕರೆದಳು. ನನ್ನ ವಾರಿಗೆಯವಳು, ನನಗಿಂತ ಬಾಯಿಬಡುಕಿ. ಅವಳ ಪಕ್ಕದಲ್ಲೂ ಹುರಿದ ಕಡಲೆಯ ತಟ್ಟೆ. ಹಳದಿ ಕಣ್ಣಿಂದ ನನ್ನ ಫ್ರಾಕನ್ನೇ ನೋಡುತ್ತಾ, ನನಗೆ ಅದು ನಿನಗಿಂತ ಚೆನ್ನಾಗಿ ಕಾಣುತ್ತಿತ್ತು ಎಂದಳು. ನನಗೆ ಉರಿದುಹೋಯಿತು. ಅಲ್ಲಿಂದ ನಮ್ಮ ಸ್ನೇಹ ಶುರುವಾಯಿತು. ಅವಳು ಮಲಗಿದಲ್ಲೇ ಕಲ್ಲಾಡುವುದು, ನಾನು ಸೋಲುವುದು. ಹೊರಗೆ ಅವ್ವ ಜೀವಿಬೆನ್‌ಳ ಬಾಗಿಲಲ್ಲಿ ಬಿಚ್ಚಿದ ಗಂಟಿನ ಪಕ್ಕ ಕೂತಿರುತ್ತಿದ್ದಳು. ಯಾರಿಗೂ ಏನನ್ನೂ ಎತ್ತಿ ಕೊಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಒಬ್ಬಳು ಬಂದು, ಆ ಷರ್ಟು ನನ್ನ ಗಂಡನಿಗೆ ಆಗುತ್ತದಾ, ಅವನ ತೋಳು ಉದ್ದ ಎಂದು ಕೇಳಿದಳು. ಇನ್ನೊಬ್ಬಳಿಗೆ ಸೀರೆ ಬೇಡವಾಗಿತ್ತು, ಬಾಣಂತಿ ಮಗಳಿಗೆ ಮೆತ್ತನೆಯ ಹಳೇ ಪಂಚೆ ಬೇಕಿತ್ತು. ಅವ್ವ ನೆಲ ಒರೆಸಿಕೊಳ್ಳಿ ಎಂದು ವಾಪಸು ಮಾಡುತ್ತಿದ್ದಳಲ್ಲ, ಅಂಥದ್ದೇ. ನಾನು ಹೇಳುತ್ತಾ ಹೋದೆ, ಅವಳು ಹೂಂಗುಟ್ಟುತ್ತಾ ಕೇಳಿಸಿಕೊಂಡಳು. ಇಷ್ಟು ವರ್ಷ ಇವರಿಗೆ ಏನು ಬೇಕೆಂದು ಕೇಳಲೇ ಇಲ್ಲ ನೋಡು ಎಂದು ಬಸ್ಸಿನಲ್ಲಿ ಬರುವಾಗ ತನಗೇ ಹೇಳಿಕೊಂಡಳು.

ಹದಿನಾರನೇ ದಿನವೋ ಹದಿನೇಳೋ, ರೇಖಾ ಎದ್ದು ತಲೆಗೆ ನೀರು ಹಾಕಿಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ಕಣ್ಣು ಬೆಳ್ಳಗಾಗಿತ್ತು. ಕಮುಬೆನ್ ಆವತ್ತು ಕೆಲಸಕ್ಕೆ ಹೋಗಿರಲಿಲ್ಲ. ಅವ್ವನನ್ನೂ ನನ್ನನ್ನೂ ಒಳಗೆ ಕರೆದು, ಇನ್ನು ಅದನ್ನು ನನ್ನ ಮಗಳಿಗೆ ಕೊಡು ಎಂದು ನನಗೆ ಹೇಳಿದಳು. ತಾನಾಗಿಯೇ ಕೇಳಿ ತೆಗೆದುಕೊಂಡಳು ನೋಡಿ, ಅವಳ ಮಟ್ಟಿಗೆ ಅದೇ ಮೊದಲು. ನನಗೆ ಎಂಥ ಖುಷಿಯಾಯಿತೆಂದರೆ ಅಲ್ಲೇ ಗುಂಡಿ ಬಿಚ್ಚಲು ಶುರುಮಾಡಿದೆ. ಆಮೇಲೆ ಹೊಳೆಯಿತು, ಬಿಚ್ಚಿದರೆ ಮನೆಗೆ ಏನು ಉಟ್ಟುಕೊಂಡು ಹೋಗುವುದು? ಅವ್ವನಿಗೂ ಹೊಳೆದಿರಲಿಲ್ಲ. ಕಮುಬೆನ್ ಗೂಡಿನಿಂದ ಒಂದು ಚಣಿಯಾ, ಪೋಲ್ಕು ತೆಗೆದಳು, ನಮ್ಮ ಲಂಗ ಕುಪ್ಪಸ ಇದ್ದ ಹಾಗೆ. ರೇಖಾಳದ್ದು. ಗುಲಾಬಿ ಬಣ್ಣ, ಒಗೆದು ಒಗೆದು ತೆಳುವಾಗಿತ್ತು, ಪೋಲ್ಕಿನ ಭುಜಕ್ಕೆ ಬೇರೆ ಬಟ್ಟೆಯ ತೇಪೆ. ಸೊಂಟದ ಲಾಡಿ ಮಾತ್ರ ಹೊಸದು, ಅವತ್ತೇ ಪೋಣಿಸಿದ್ದು. ನೀಲಿ ಕೈಯಿಂದ ಅವಳೇ ನನಗೆ ಉಡಿಸಿ, ಲಾಡಿ ಬಿಗಿದು, ನನ್ನನ್ನು ಒಂದು ಸುತ್ತು ತಿರುಗಿಸಿದಳು.

ನಾನು ನಿಂತೇ ಇದ್ದೆ. ಇನ್ನೊಬ್ಬರು ಉಟ್ಟು ಬಿಟ್ಟದ್ದನ್ನು ನಾನು ಅದುವರೆಗೆ ಮೈಮೇಲೆ ಹಾಕಿಕೊಂಡವಳಲ್ಲ. ಒಂದು ಕಡೆ ಅವಮಾನ, ಒಂದು ಕಡೆ ಅಳು, ಮೂಗಿಗೆ ರೇಖಾಳ ಮನೆಯ ಸಾಬೂನಿನ ವಾಸನೆ. ನಾವು ಇಷ್ಟು ವರ್ಷ ಗಂಟು ಕಟ್ಟಿ ಕಳಿಸಿದ್ದು ಇದನ್ನೇ, ಉಟ್ಟವರಿಗೆಲ್ಲ ಹೀಗೇ ಆಗಿರಬೇಕು ಎಂದು ತಿಳಿಯಿತು. ಅವ್ವ ಅವಸರದಿಂದ ತನ್ನ ಚೀಲ ತೆರೆದು ಒಳಗೆ ಕೈ ಹಾಕಿದಳು. ಏನಾದರೂ ತಿರುಗಿ ಕೊಡದೆ ಅವಳಿಗೆ ಇರಲಾಗುತ್ತಿರಲಿಲ್ಲ. ಕಮುಬೆನ್ ಅವಳ ಮಣಿಕಟ್ಟು ಹಿಡಿದು ಗುಜರಾತಿಯಲ್ಲಿ ಮೆಲ್ಲಗೆ ಹೇಳಿದಳು:

"ಇವತ್ತು ಬೇಡ ಬೆನ್. ಇವತ್ತು ಕೊಟ್ಟವಳು ನಾನು."

ಕನ್ನಡ ಮಾಡಿ ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಖಾಲಿ ಕೈಯನ್ನು ಹೊರಗೆ ತೆಗೆದು, ಚೀಲದ ಬಾಯಿ ಮುಚ್ಚಿಬಿಟ್ಟಿದ್ದಳು.